ಆರ್‌ಸಿ ಹೇಳದ್ದನ್ನು ಒದ್ದೆ ಕಾರ್ಪೆಟ್ ಹೇಳುತ್ತೆ: ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಮುನ್ನ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಮನೆಯ ಮೊದಲ ಕಾರು ಅಂದ್ರೆ ಎಷ್ಟೋ ಜನಕ್ಕೆ ಸೆಕೆಂಡ್ ಹ್ಯಾಂಡೇ. ಆಲ್ಟೊ, ವ್ಯಾಗನಾರ್, ಸ್ಯಾಂಟ್ರೊ, ಐ10, ಸ್ವಿಫ್ಟ್. ಸಂಘದ ಸಾಲವೋ, ಚೀಟಿ ದುಡ್ಡೋ, ಆ ವರ್ಷದ ಆಲೂಗಡ್ಡೆಯೋ ತಂಬಾಕೋ ತಂದುಕೊಟ್ಟ ಹಣವೋ ಹಾಕಿ ಕೊಳ್ಳುವ ಗಾಡಿ. ಕೊಳ್ಳುವಾಗ ನಾವು ಮೂರು ವಿಷಯ ಕೇಳ್ತೀವಿ: ಎಷ್ಟು ಕಿಲೋಮೀಟರ್ ಓಡಿದೆ, ಎಷ್ಟನೇ ಓನರ್, ಇಂಜಿನ್ ಹೇಗಿದೆ. ಬಾಡಿ ಬಗ್ಗೆ ಕೇಳೋದು ‘ಸ್ಕ್ರ್ಯಾಚ್ ಇದೆಯಾ’ ಅಂತ ಮಾತ್ರ.

ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ಮೇಲೂ ಸ್ನೇಹಿತರು, ನೆಂಟರು ಹಳೇ ಕಾರು ನೋಡೋಕೆ ನನ್ನನ್ನು ಕರೆಯೋದು ನಿಂತಿಲ್ಲ. ಎಲ್ಲರಿಗೂ ನಾನು ಹೇಳೋದು ಒಂದೇ ಮಾತು. ಇಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು. ಬಾಡಿ ಕೊಳೆತರೆ ಕಾರೇ ಹೋಯ್ತು. ಜೀಪು, ಲಾರಿಗಳಿಗೆ ಇರುವಂಥ ಪ್ರತ್ಯೇಕ ಚಾಸಿಸ್ ಈ ಸಣ್ಣ ಕಾರುಗಳಿಗೆ ಇಲ್ಲ. ಬಾಡಿಯೇ ಚಾಸಿಸ್. ಸೀಟ್ ಬೆಲ್ಟ್, ಸಸ್ಪೆನ್ಷನ್, ಸೀಟು ಎಲ್ಲವೂ ಅದೇ ತಗಡಿನ ಮೇಲೆ ನಿಂತಿವೆ. ಹಾಗಾಗಿ ತುಕ್ಕು ಅಂದಚೆಂದದ ಸಮಸ್ಯೆಯಲ್ಲ, ಜೀವದ ಪ್ರಶ್ನೆ. ತುಕ್ಕಿನ ಮೊದಲ ಸುಳಿವು ಒಳಗೆ ಬಂದ ನೀರು.

ನಮ್ಮ ಸೀಮೆಯಲ್ಲಿ ಕಾರು ನೆನೆಯುವ ಬಗೆ

ಒಂದೇ ಜಿಲ್ಲೆಯಾದರೂ ಹವೆ ಒಂದೇ ಅಲ್ಲ. ಅರಕಲಗೂಡು ಅರೆಮಲೆನಾಡು, ಮಳೆಗಾಲದಲ್ಲಿ ಗಾಡಿ ವಾರಗಟ್ಟಲೆ ಒಣಗೋದಿಲ್ಲ. ಚನ್ನರಾಯಪಟ್ಟಣ ಬಯಲುಸೀಮೆ, ಅಲ್ಲಿ ಬಿಸಿಲಿಗೆ ಬಾಗಿಲು-ಗಾಜುಗಳ ರಬ್ಬರ್ ಬೀಡಿಂಗ್ ಒಣಗಿ ಬಿರುಕು ಬಿಡುತ್ತೆ, ಮೊದಲ ಮುಂಗಾರಿಗೆ ಸೋರಲು ಶುರು. ಹೇಮಾವತಿ ದಡದ ಹೊಳೆನರಸೀಪುರ, ಕಾವೇರಿ ದಡದ ರಾಮನಾಥಪುರದ ತಗ್ಗು ಜಾಗಗಳಲ್ಲಿ ಹೊಳೆ ತುಂಬಿದಾಗ ನಿಂತ ಗಾಡಿಗೂ ಅಪಾಯ.

ಇನ್ನೊಂದು ದಾರಿ ಬೆಂಗಳೂರು. ಅಲ್ಲಿಂದ ಚನ್ನರಾಯಪಟ್ಟಣದ ಮೇಲೆ ಹಾಸನಕ್ಕೆ ಬರುವ ರಾಷ್ಟ್ರೀಯ ಹೆದ್ದಾರಿ 75ರಲ್ಲೇ ಹಳೇ ಕಾರುಗಳೂ ಬರುತ್ತವೆ. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳಲ್ಲಿ ಕಾರುಗಳು ಮುಳುಗಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ವಿ. ಹಾಗೆ ಮುಳುಗಿದ ಕಾರು ತೊಳೆಸಿಕೊಂಡು ಬೇರೆ ಊರಿಗೆ ಬಂದರೆ, ಆ ಸಂಗತಿ ಆರ್‌ಸಿಯಲ್ಲಿ ಬರೆದಿರೋದಿಲ್ಲ.

ನಮ್ಮ ಬಳಕೆಯೂ ಕಾರಣವೇ. ಡಿಕ್ಕಿಯಲ್ಲಿ ಗೊಬ್ಬರದ ಚೀಲ ಹಾಕ್ತೀವಿ. ಪೊಟ್ಯಾಷ್ ಗೊಬ್ಬರ ಅಂದ್ರೆ ಕ್ಲೋರೈಡ್ ಉಪ್ಪು, ಚೆಲ್ಲಿದ ಪುಡಿಗೆ ತೇವ ಸೇರಿದರೆ ತುಕ್ಕು ಬೇಗ ಹಿಡಿಯುತ್ತೆ. ತೋಟದ ರಸ್ತೆಯ ಕೆಸರು ಬಾಗಿಲಿನ ಅಡಿಯ ತೂತುಗಳನ್ನು ಮುಚ್ಚುತ್ತೆ. ಮರದ ಕೆಳಗೆ ನಿಲ್ಲಿಸಿದರೆ ಎಲೆ, ಹೂವು ವೈಪರ್ ಕೆಳಗಿನ ಕಾಲುವೆಯಲ್ಲಿ ಕೂರುತ್ತವೆ.

ನೀರು ಎಲ್ಲಿಂದ ಬರುತ್ತೆ

ನೀರು ಒಳಬರುವ ಜಾಗ ಒಂದು, ಕಾಣುವ ಜಾಗ ಇನ್ನೊಂದು. ಆದ್ರೂ ಕಾಣುವ ಜಾಗದಿಂದ ಮೂಲವನ್ನು ಊಹಿಸಬಹುದು.

*ಮುಂದೆ ಎಡಗಾಲಿನ ಹತ್ತಿರ ಒದ್ದೆ:* ಎರಡು ಕಾರಣ ಸಾಮಾನ್ಯ. ಮಳೆ ಬಂದಾಗ ಮಾತ್ರ ಒದ್ದೆಯಾದರೆ ವೈಪರ್ ಕೆಳಗಿನ ಕಾಲುವೆ ಕಸದಿಂದ ಕಟ್ಟಿಕೊಂಡು, ನೀರು ಗಾಳಿ ಎಳೆಯುವ ಬಾಯಿಂದ ಒಳಗೆ ಇಳೀತಿದೆ. ಬಿಸಿಲಲ್ಲೂ ಎಸಿ ಹಾಕಿದಾಗ ಒದ್ದೆಯಾದರೆ ಎಸಿಯ ನೀರು ಹೊರಹೋಗುವ ಪೈಪು ಕಟ್ಟಿದೆ. ಎರಡೂ ಸ್ವಚ್ಛ ಮಾಡಿದರೆ ಮುಗೀತು. ಆದರೆ ದ್ರವ ಅಂಟಂಟಾಗಿ, ಬಣ್ಣವಾಗಿ, ಸಿಹಿ ವಾಸನೆ ಬಂದು, ಗಾಜಿನ ಮೇಲೆ ಜಿಡ್ಡಿನ ಮಂಜು ಕೂತರೆ ಅದು ಮಳೆನೀರಲ್ಲ, ಹೀಟರ್‌ನಿಂದ ಸೋರುವ ಕೂಲೆಂಟ್. ಅದು ದೊಡ್ಡ ಕೆಲಸ.

*ಡ್ಯಾಶ್‌ಬೋರ್ಡ್ ಮೂಲೆ, ಮುಂದಿನ ಕಂಬದ ಒಳಬದಿ ಒದ್ದೆ:* ಮುಂದಿನ ಗಾಜು ಬದಲಾಗಿದೆ, ಅಂಟು ಸರಿಯಾಗಿ ಕೂತಿಲ್ಲ. ಗಾಜು ಯಾಕೆ ಬದಲಾಯ್ತು ಅಂತ ಕೇಳಿ. ಕಲ್ಲು ಬಿದ್ದಿತ್ತೋ, ಗುದ್ದಿತ್ತೋ?

*ಬಾಗಿಲ ಪಕ್ಕದ ಕಾರ್ಪೆಟ್ ಒದ್ದೆ:* ಬಾಗಿಲೊಳಗೆ ನೀರು ಇಳಿಯೋದು ಸಹಜ, ಕಾರನ್ನು ಮಾಡಿರೋದೇ ಹಾಗೆ. ಗಾಜಿನ ಪಕ್ಕದಿಂದ ಇಳಿದ ನೀರು ಅಡಿಯ ತೂತುಗಳಿಂದ ಹೊರಹೋಗಬೇಕು. ಅದು ಕ್ಯಾಬಿನ್ನಿಗೆ ಬಾರದಂತೆ ಪ್ಯಾನಲ್ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತೆ. ಸ್ಪೀಕರ್, ಸೆಂಟ್ರಲ್ ಲಾಕ್ ಹಾಕಿಸುವಾಗ ಆ ಹಾಳೆ ಹರಿದರೆ ನೀರು ಒಳಗೆ. ತೂತು ಮುಚ್ಚಿದರೆ ಬಾಗಿಲು ಒಳಗಿನಿಂದ ಕೊಳೆಯುತ್ತೆ. ಬಾಗಿಲು ಅಲುಗಾಡಿಸಿ, ಒಳಗೆ ನೀರು ಕುಲುಕಿದ ಸದ್ದು ಕೇಳಿಸಿದರೆ ಅನುಮಾನವೇ ಬೇಡ.

*ಸ್ಟೆಪ್ನಿ ಗುಂಡಿಯಲ್ಲಿ ನೀರು:* ಹಿಂದಿನ ಲೈಟಿನ ಗ್ಯಾಸ್ಕೆಟ್, ಡಿಕ್ಕಿ ಬೀಡಿಂಗ್, ಇಲ್ಲವೇ ಹಿಂದಿನಿಂದ ಗುದ್ದಿಸಿಕೊಂಡು ಟಿಂಕರಿಂಗ್ ಆದ ಜೋಡಣೆ. ಸ್ಟೆಪ್ನಿ ಎತ್ತದೆ ಯಾವ ಕಾರನ್ನೂ ಕೊಳ್ಳಬೇಡಿ.

*ಚಾವಣಿ ಬಟ್ಟೆ ಮೇಲೆ ಕಲೆ:* ಆಂಟೆನಾ ಬುಡ, ಚಾವಣಿ ಪಟ್ಟಿಯ ಕೆಳಗಿನ ಜೋಡಣೆ, ಅಥವಾ ಕ್ಯಾರಿಯರ್ ಕೂರಿಸಲು ಕೊರೆದ ತೂತು. ಕೊನೆಯದು ಗಾಡಿ ಬಾಡಿಗೆಗೆ ಓಡಿತ್ತಾ ಅನ್ನುವ ಪ್ರಶ್ನೆಯನ್ನೂ ಎತ್ತುತ್ತೆ.

ಪರೀಕ್ಷೆ ಹೀಗೆ ಮಾಡಿ

ಕಾರ್ಪೆಟ್ ಎತ್ತಿ ನೆಲ ಒಣಗಿದೆಯಾ ನೋಡಿ, ಮೇಲೆ ದಿನಪತ್ರಿಕೆ ಹಾಸಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂತಿರಲಿ. ಇನ್ನೊಬ್ಬರು ಸಾದಾ ಪೈಪಿನಲ್ಲಿ ಕೆಳಗಿನಿಂದ ಶುರುಮಾಡಿ ನಿಧಾನಕ್ಕೆ ಮೇಲಕ್ಕೆ, ಒಂದೊಂದು ಜಾಗಕ್ಕೆ ಐದು ನಿಮಿಷ ನೀರು ಬಿಡಲಿ. ಮೇಲಿನಿಂದ ಶುರುಮಾಡಿದರೆ ಎಲ್ಲ ಕಡೆಯೂ ನೀರು ಹರಿದು, ಸೋರುವ ಜಾಗ ಗೊತ್ತಾಗೋದಿಲ್ಲ. ವಾಟರ್ ಸರ್ವಿಸ್‌ನ ಪ್ರೆಷರ್ ಗನ್ ಬೇಡ, ಅದು ಒಳ್ಳೆ ಬೀಡಿಂಗ್ ಮೂಲಕವೂ ನೀರು ನುಗ್ಗಿಸುತ್ತೆ.

ಆಮೇಲೆ ಬಾಡಿ. ಒಂದು ಸಣ್ಣ ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಬಾಗಿಲ ಅಡಿ, ಹಿಂದಿನ ಚಕ್ರದ ಕಮಾನಿನ ಮೇಲೆ ಆಡಿಸಿ. ಹಿಡಿತ ಸಡಿಲಾದ ಕಡೆ ಪೇಂಟಿನ ಕೆಳಗೆ ಪುಟ್ಟಿ ಇದೆ. (ಬಂಪರ್ ಪ್ಲಾಸ್ಟಿಕ್, ಅಲ್ಲಿ ಹಿಡಿಯಲ್ಲ.) ಬಾಗಿಲ ಚೌಕಟ್ಟಿನ ಬೀಡಿಂಗ್ ಎಳೆದರೆ ಕಾರ್ಖಾನೆಯ ವೆಲ್ಡಿಂಗ್ ಚುಕ್ಕಿಗಳು ಸಮನಾದ ಅಂತರದಲ್ಲಿ ಕಾಣಬೇಕು. ಅವು ಮಾಯವಾಗಿದ್ದರೆ ಆ ಭಾಗ ಕತ್ತರಿಸಿ ಬೆಸೆದದ್ದು. ಕೊನೆಗೆ ಜಾಕ್ ಕೊಡುವ ಜಾಗ, ಬಾಗಿಲ ಕೆಳಗಿನ ಉದ್ದದ ಪಟ್ಟಿ, ಬಾನೆಟ್ ಒಳಗೆ ಸಸ್ಪೆನ್ಷನ್ ಕೂತಿರುವ ಗುಂಬ, ಸೀಟ್ ಬೆಲ್ಟ್ ಬೋಲ್ಟಿನ ಸುತ್ತ ನೋಡಿ. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಸದ್ದು ಬಂದರೆ ಸರಿ, ಪದರ ಉದುರಿದರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ ಅನ್ನಿ.

ಮುಳುಗಿದ ಕಾರು ಬೇರೆಯೇ ಕತೆ. ಸೀಟ್ ಬೆಲ್ಟನ್ನು ಪೂರ್ತಿ ಎಳೆಯಿರಿ, ತುದಿಯಲ್ಲಿ ಕೆಸರಿನ ಗೆರೆ ಇದೆಯಾ? ಸೀಟಿನ ಹಳಿ, ಸ್ಪ್ರಿಂಗು ತುಕ್ಕು ಹಿಡಿದಿವೆಯಾ? ಹತ್ತು ವರ್ಷದ ಕಾರಿಗೆ ಹೊಸ ಕಾರ್ಪೆಟ್, ಘಮ್ಮೆನ್ನುವ ಪರ್ಫ್ಯೂಮ್ ಯಾಕೆ? ವೈರಿಂಗ್ ಕನೆಕ್ಟರ್‌ಗಳು ತಿಂಗಳುಗಳ ನಂತರವೂ ಕೈಕೊಡುತ್ತವೆ. ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತೋ ಇಲ್ಲವೋ ಅನ್ನೋದನ್ನು ಟೆಸ್ಟ್ ಡ್ರೈವ್‌ನಲ್ಲಿ ತಿಳಿಯೋಕೆ ಆಗಲ್ಲ. ಹಳೇ ಇನ್ಶೂರೆನ್ಸ್ ಪಾಲಿಸಿಯನ್ನೂ ಕೇಳಿ ಪಡೆಯಿರಿ. ಕ್ಲೇಮ್ ಮಾಡದೆ ಇದ್ದರೆ ನೋ ಕ್ಲೇಮ್ ಬೋನಸ್ 20ರಿಂದ 50 ಪರ್ಸೆಂಟ್‌ವರೆಗೆ ಏರುತ್ತೆ. ಒಬ್ಬರೇ ಐದಾರು ವರ್ಷ ಇಟ್ಟುಕೊಂಡ ಕಾರಿಗೆ ಸೊನ್ನೆ ಇದ್ದರೆ, ಏನಾಗಿತ್ತು ಅಂತ ಕೇಳೋದು ನಿಮ್ಮ ಹಕ್ಕು.

ಕಾನೂನು ನೋಡುವುದು ಕಾಗದವನ್ನು

ಇಷ್ಟೆಲ್ಲ ಕೊಳ್ಳುವವನೇ ಯಾಕೆ ಮಾಡಬೇಕು? ಯಾಕಂದ್ರೆ ಬೇರೆ ಯಾರೂ ಮಾಡೋದಿಲ್ಲ. ಹಳದಿ ಬೋರ್ಡಿನ ಗಾಡಿಗೆ ಮೊದಲ 8 ವರ್ಷ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಇದೆ. ಬಿಳಿ ಬೋರ್ಡಿನ ಕಾರಿನ ನೋಂದಣಿ ಮಾತ್ರ ಒಂದೇ ಸಲಕ್ಕೆ 15 ವರ್ಷ. ನಡುವೆ ಆಗೋದು ಹೊಗೆ ತಪಾಸಣೆ ಅಷ್ಟೇ, ತುಕ್ಕಿನ ತಪಾಸಣೆ ಇಲ್ಲ. ಬ್ರಿಟನ್ನಿನಲ್ಲಿ 3 ವರ್ಷ ದಾಟಿದ ಕಾರಿಗೆ ಪ್ರತಿ ವರ್ಷ ಪರೀಕ್ಷೆ ಇದೆ, ಸೀಟ್ ಬೆಲ್ಟ್, ಸಸ್ಪೆನ್ಷನ್ ಬುಡದಲ್ಲಿ ತುಕ್ಕು ತಿಂದಿದ್ದರೆ ಕಾರು ಫೇಲು. ಅಮೆರಿಕದ ಅನೇಕ ರಾಜ್ಯಗಳಲ್ಲಿ ಪ್ರವಾಹದಲ್ಲಿ ಕೆಟ್ಟ ಕಾರಿನ ದಾಖಲೆ ಮೇಲೆ ಅದರ ಮುದ್ರೆಯೇ ಬೀಳುತ್ತೆ.

ನಮ್ಮಲ್ಲಿ 2023ರ ಏಪ್ರಿಲ್ 1ರಿಂದ ಹಳೇ ವಾಹನ ಮಾರುವ ಡೀಲರ್‌ಗಳು ಆರ್‌ಟಿಓ ಅಧಿಕಾರ ಪತ್ರ ಪಡೆಯಬೇಕು ಅನ್ನುವ ಕೇಂದ್ರದ ನಿಯಮ ಬಂದಿದೆ. ಒಳ್ಳೆಯದೇ. ಆದರೆ ಅದರ ಗಮನವೆಲ್ಲ ಗಾಡಿ ಯಾರ ಹೊಣೆಯಲ್ಲಿದೆ ಅನ್ನೋದರ ಮೇಲೆ, ಅದು ಯಾವ ಸ್ಥಿತಿಯಲ್ಲಿದೆ ಅನ್ನೋದರ ಮೇಲಲ್ಲ.

ಮೋಸ ಹೋದರೆ ದಾರಿ ಇದೆ. ಡೀಲರ್ ಹತ್ತಿರ ಕೊಂಡಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2 ವರ್ಷದೊಳಗೆ ಹಾಸನದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಡೀಲರ್ ಬೆಂಗಳೂರಿನವನಾದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲುತ್ತೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಸಹಾಯವಾಣಿ 1915. ಪರಿಚಯದವರಿಂದ, ಬ್ರೋಕರ್ ಮೂಲಕ ಖಾಸಗಿ ಮಾಲೀಕನಿಂದ ಕೊಂಡರೆ ಸಾಮಾನ್ಯವಾಗಿ ಈ ದಾರಿ ಸಿಗೋದಿಲ್ಲ, ಸಿವಿಲ್ ಕೋರ್ಟೇ ಗತಿ. ನಮ್ಮ ತಾಲ್ಲೂಕುಗಳಲ್ಲಿ ಕಾರು ಎಷ್ಟೋ ಸಲ ಕೈಬದಲಾಗೋದು ಹೀಗೇ ಅನ್ನೋದು ಮರೀಬೇಡಿ. ಅದಕ್ಕೇ ಕರಾರಿನಲ್ಲಿ ‘ಈ ವಾಹನ ನೀರಿನಲ್ಲಿ ಮುಳುಗಿಲ್ಲ, ದೊಡ್ಡ ಅಪಘಾತ ಆಗಿಲ್ಲ’ ಎಂಬ ಒಂದು ಸಾಲು ಬರೆಸಿ, ಸಹಿ ಹಾಕಿಸಿಕೊಳ್ಳಿ. ಸಹಿಗೆ ಹಿಂಜರಿದರೆ ಅದೇ ಉತ್ತರ.

ರಸ್ತೆ ಸುರಕ್ಷತೆ ಅಂದ್ರೆ ಹೆಲ್ಮೆಟ್ ದಂಡ, ಸ್ಪೀಡ್ ಕ್ಯಾಮೆರಾ ಅಂತಷ್ಟೇ ಮಾತಾಡ್ತೀವಿ. ಹೊಸ ಕಾರಿಗೆ ಕ್ರ್ಯಾಶ್ ಟೆಸ್ಟ್ ಸ್ಟಾರ್ ಕೊಡುವ ದೇಶದಲ್ಲಿ, ಅದೇ ಕಾರನ್ನು ಹತ್ತು ವರ್ಷದ ಮೇಲೆ ಕೊಳ್ಳುವ ಬಡ, ಮಧ್ಯಮ ವರ್ಗದ ಮನೆಗೆ ಅದರ ತಗಡು ಗಟ್ಟಿಯಿದೆಯಾ ಅಂತ ಹೇಳುವವರಿಲ್ಲ. ಮಾರಾಟದ ವೇಳೆ ಕಡ್ಡಾಯ ಬಾಡಿ ತಪಾಸಣೆ, ಪ್ರವಾಹದ ಕ್ಲೇಮ್ ಆದ ಕಾರಿನ ವಿವರ ವಾಹನ್ ದಾಖಲೆಯಲ್ಲಿ: ಇವೆರಡನ್ನು ಕೇಳೋದು ದುಬಾರಿ ಬೇಡಿಕೆಯಲ್ಲ. ಅದು ಬರೋವರೆಗೂ ಕಾರು ನೋಡೋಕೆ ಮಳೆಗಾಲದಲ್ಲೇ ಹೋಗಿ. ಸ್ಟೆಪ್ನಿ ಎತ್ತಿಸಿ ನೋಡಿದ ಮೇಲೆಯೇ ಅಡ್ವಾನ್ಸ್ ಕೊಡಿ.