ಗದಗ ಸೀಮೆಯ ಕಾಟಾ: ತಕ್ಕಡಿಯಿಂದ ಅಂಕಿಯ ಫಲಕದವರೆಗೆ

ಹಳೆಯ ಯಂತ್ರದ ಒಡಲನ್ನು ಹಾಗೆಯೇ ಉಳಿಸಿಕೊಂಡು, ಅದು ಅಳೆದುದನ್ನು ತೋರಿಸುವ ಮುಖವನ್ನು ಮಾತ್ರ ಬದಲಿಸುವ ಪದ್ಧತಿ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಹಲವು ದೇಶಗಳಲ್ಲಿ ಬೇರೂರಿತು. ಹಳೆಯ ಸ್ಪೋರ್ಟ್ಸ್ ಕಾರುಗಳ ಒಡೆಯರು ಮುಳ್ಳಿನ ಸ್ಪೀಡೋಮೀಟರನ್ನು ಕಳಚಿ ಆ ಜಾಗದಲ್ಲಿ ಡಿಜಿಟಲ್ ಫಲಕವನ್ನು ಕೂರಿಸಿದ್ದು ಇದರ ಪ್ರಸಿದ್ಧ ಉದಾಹರಣೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಂಥ ಹತ್ತಿ ಮತ್ತು ಕಾಳುಕಡಿಯ ಪೇಟೆಗಳಲ್ಲಿ ಇಂಥ ಬದಲಾವಣೆ ಜನಜೀವನವನ್ನು ನೇರವಾಗಿ ತಟ್ಟಿದ್ದು ಕಾಟಾದಲ್ಲಿ, ಅಂದರೆ ತೂಕದ ಯಂತ್ರದಲ್ಲಿ. ಹತ್ತಿ, ಶೇಂಗಾ, ಮೆಣಸಿನಕಾಯಿ, ಉಳ್ಳಾಗಡ್ಡಿಗಳನ್ನು ಪೇಟೆಗೆ ತಂದು ಮಾರುವ ರೈತನಿಗೆ ವರ್ಷದ ದುಡಿಮೆಯ ಬೆಲೆ ನಿಶ್ಚಯವಾಗುವುದು ಧಾರಣೆಯಿಂದ ಎಷ್ಟೋ ತೂಕದಿಂದಲೂ ಅಷ್ಟೇ ಆದ್ದರಿಂದ, ತೂಕವನ್ನು ಯಾವ ಮಾನದಲ್ಲಿ ಹೇಳಬೇಕು, ಅದನ್ನು ಯಾರು ಓದಬೇಕು, ಓದಿದ್ದು ಸರಿಯೆಂದು ಯಾರು ಒಪ್ಪಬೇಕು ಎಂಬ ಮೂರು ಪ್ರಶ್ನೆಗಳು ಈ ಸೀಮೆಯ ವ್ಯಾಪಾರದ ಚರಿತ್ರೆಯುದ್ದಕ್ಕೂ ಹರಿದುಬಂದಿವೆ. ಅಂಕಿಯ ಫಲಕವು ಇವುಗಳಲ್ಲಿ ನಡುವಿನದೊಂದಕ್ಕೆ ಮಾತ್ರ ಉತ್ತರ ಕೊಟ್ಟಿತು.

ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಲಕ್ಷ್ಮೇಶ್ವರ ಪುಲಿಗೆರೆಯೆಂದೂ ಲಕ್ಕುಂಡಿ ಲೊಕ್ಕಿಗುಂಡಿಯೆಂದೂ ಹೆಸರಾಗಿದ್ದವು; ಲಕ್ಕುಂಡಿಯಲ್ಲಿ ಟಂಕಸಾಲೆ ಇತ್ತು, ಅಲ್ಲಿಯ ಗದ್ಯಾಣಕ್ಕೆ ಊರಿನ ಹೆಸರೇ ಅಂಟಿಕೊಂಡಿತ್ತು. ಆ ಕಾಲದ ಶಾಸನಗಳಲ್ಲಿ ಕಾಳಿಗೆ ಸೊಲಗೆ, ಮಾನ, ಬಳ್ಳ, ಕೊಳಗ, ಖಂಡುಗಗಳೆಂಬ ಅಳತೆಗಳು ಬರುತ್ತವೆ, ಎತ್ತಿನ ಮೇಲೆ ಬಂದ ಸರಕಿಗೆ ಸುಂಕವನ್ನು ‘ಹೇರಿ’ನ ಲೆಕ್ಕದಲ್ಲಿ ಹೇಳಲಾಗುತ್ತದೆ. ಇವುಗಳಲ್ಲಿ ಹೆಚ್ಚಿನವು ತುಂಬಿ ಅಳೆಯುವ ಮಾನಗಳು, ತೂಗುವವಲ್ಲ. ಕಾಳನ್ನು ಅಳೆಯುವ, ಬೆಲೆಬಾಳುವ ಸರಕನ್ನು ಮಾತ್ರ ತೂಗುವ ಈ ರೂಢಿ ಹತ್ತೊಂಬತ್ತನೆಯ ಶತಮಾನದವರೆಗೂ ಮುಂದುವರಿದು, ಸೇರು ಮತ್ತು ಪಾವುಗಳ ರೂಪದಲ್ಲಿ ಮನೆಯ ಅಡುಗೆಕೋಣೆಯಲ್ಲಿ ಅದರಾಚೆಗೂ ಉಳಿಯಿತು.

ಬ್ರಿಟಿಷರ ಆಳ್ವಿಕೆಯಲ್ಲಿ ಈ ನಾಲ್ಕು ಪೇಟೆಗಳು ಒಂದೇ ಸರಕಾರದ ಕೆಳಗೆ ಇರಲಿಲ್ಲವೆಂಬುದು ಇಂದಿನ ಓದುಗರಿಗೆ ಸುಲಭವಾಗಿ ಹೊಳೆಯುವ ಸಂಗತಿಯಲ್ಲ. ಗದಗ, ಬೆಟಗೇರಿ ಮತ್ತು ಮುಂಡರಗಿಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಲಕ್ಷ್ಮೇಶ್ವರ ಹಿರಿಯ ಮಿರಜ ಸಂಸ್ಥಾನದ್ದು. ಅದಕ್ಕೆ ತೀರ ಹತ್ತಿರದ ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಮುಂಡರಗಿಯಿಂದ ಮೂಡಲಿಗೆ ಹೋದರೆ ನಿಜಾಮನ ಸೀಮೆಯ ಕೊಪ್ಪಳ, ತುಂಗಭದ್ರೆಯನ್ನು ದಾಟಿದರೆ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆ. ನಿಜಾಮನ ರಾಜ್ಯದಲ್ಲಿ ನಡೆಯುತ್ತಿದ್ದ ಹಾಲಿ ಸಿಕ್ಕಾ ರೂಪಾಯಿ ಬ್ರಿಟಿಷ್ ರೂಪಾಯಿಗೆ ಸಮವಾಗಿರಲಿಲ್ಲ. ಹೀಗಾಗಿ ಗಡಿ ದಾಟಿ ಬಂದ ರೈತನ ಮುಂದೆ ನಾಣ್ಯದ ವಟ್ಟದ ಲೆಕ್ಕವೂ ತೂಕದ ಲೆಕ್ಕವೂ ಒಟ್ಟಿಗೇ ಬಂದು ನಿಲ್ಲುತ್ತಿದ್ದವು. ಒಂದೇ ಹೆಸರಿನ ಮಾನಕ್ಕೂ ಒಂದೇ ಬೆಲೆ ಇರಲಿಲ್ಲವೆಂಬುದು ಇನ್ನೂ ದೊಡ್ಡ ತೊಡಕು. ಧಾರವಾಡದ ಕಡೆ ಹತ್ತಿಯ ಮಣ 28 ಪೌಂಡು, ಅಂದರೆ ಸುಮಾರು 12.7 ಕಿಲೋ, ಸರಕಾರಿ ಮಣವಾದರೋ 80 ತೊಲದ ಸೇರಿನ ನಲವತ್ತು ಸೇರು, ಅಂದರೆ 82 ಪೌಂಡಿಗೂ ತುಸು ಹೆಚ್ಚು, ಸುಮಾರು 37.3 ಕಿಲೋ. ಊರ ಪೇಟೆಯಲ್ಲಿ ಒಂದು ಮಣವಾಗಿದ್ದ ಸರಕು ಸರಕಾರಿ ಲೆಕ್ಕದಲ್ಲಿ ಅದರ ಮೂರನೆಯ ಒಂದು ಭಾಗವಾಗುತ್ತಿತ್ತು.

ಈ ತೊಡಕಿನ ಪೂರ್ಣ ಪರಿಣಾಮ ಕಂಡದ್ದು ಹತ್ತಿಯಲ್ಲಿ. ಎರೆ ಮಣ್ಣಿನ ಈ ಸೀಮೆಯಲ್ಲಿ ಎರಡು ಬಗೆಯ ಹತ್ತಿ ಬೆಳೆಯುತ್ತಿತ್ತು: ಒಂದು, ಕುಮಟಾ ಬಂದರಿನ ಮೂಲಕ ಹಡಗು ಏರುತ್ತಿದ್ದುದರಿಂದ ವ್ಯಾಪಾರದಲ್ಲಿ ‘ಕುಂಪ್ಟಾ’ ಎಂದೇ ಹೆಸರಾದ ಜವಾರಿ ಹತ್ತಿ, ಇನ್ನೊಂದು, ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಕಂಪನಿ ಸರಕಾರ ಅಮೆರಿಕದ ನ್ಯೂ ಓರ್ಲಿಯನ್ಸ್ ಬೀಜದಿಂದ ಇಲ್ಲಿ ಹರಡಿದ, ‘ಧಾರವಾಡ-ಅಮೆರಿಕನ್’ ಎಂದು ಕರೆಯಲಾದ ವಿಲಾಯತಿ ಹತ್ತಿ. ರೈತ ಮಾರುತ್ತಿದ್ದುದು ಬೀಜ ಬಿಡಿಸದ ಹತ್ತಿಯನ್ನು, ನಗದ ಲೆಕ್ಕದಲ್ಲಿ. ಒಂದು ನಗಕ್ಕೆ 48 ಮಣ, ಅಂದರೆ 1344 ಪೌಂಡು. ಮುಂಬಯಿಯ ಸಾಹುಕಾರ ಕೊಳ್ಳುತ್ತಿದ್ದುದು ಬೀಜ ತೆಗೆದ ಅರಳೆಯನ್ನು, 784 ಪೌಂಡಿನ ಕ್ಯಾಂಡಿಯ ಲೆಕ್ಕದಲ್ಲಿ. ನಗದಿಂದ ಕ್ಯಾಂಡಿಗೆ ಹೋಗಬೇಕಾದರೆ ಹತ್ತಿಯಲ್ಲಿ ಅರಳೆಯ ಪಾಲೆಷ್ಟು, ಕಸ ಎಷ್ಟು, ತೇವ ಎಷ್ಟು ಎಂಬುದನ್ನೆಲ್ಲ ಅಂದಾಜಿಸಬೇಕಾಗಿತ್ತು, ಆ ಅಂದಾಜು ದಲಾಲರ ಕೈಯಲ್ಲಿತ್ತು. ಅಮೆರಿಕದ ಅಂತರ್ಯುದ್ಧದಿಂದ ಮ್ಯಾಂಚೆಸ್ಟರಿಗೆ ಹತ್ತಿ ಸಿಗದೆ ಬೆಲೆ ಗಗನಕ್ಕೇರಿದ ವರ್ಷಗಳಲ್ಲಿ ಬೀಜ, ಕಸ, ಕೀಳು ಹತ್ತಿಗಳ ಕಲಬೆರಕೆ ಎಷ್ಟು ಹೆಚ್ಚಿತೆಂದರೆ, ಮುಂಬಯಿ ಸರಕಾರ 1863ರಲ್ಲಿ ಹತ್ತಿಯ ಮೋಸವನ್ನು ತಡೆಯಲೆಂದೇ ಕಾಯಿದೆ ಮಾಡಿ ಇನ್ಸ್‌ಪೆಕ್ಟರರನ್ನು ನೇಮಿಸಿತು. ಆ ಕಾಯಿದೆ ಕಾದದ್ದು ಮುಖ್ಯವಾಗಿ ಇಂಗ್ಲೆಂಡಿನ ಗಿರಣಿಯ ಹಿತವನ್ನು. ರೈತನ ಹತ್ತಿಯನ್ನು ತೂಗುವಾಗ ನಡೆಯುವ ಮೋಸ ಅದರ ಕಣ್ಣಿಗೆ ಬಿದ್ದದ್ದು ಕಡಿಮೆ. 1884ರಲ್ಲಿ ಸದರ್ನ್ ಮರಾಠಾ ರೈಲ್ವೆ ಗದಗನ್ನು ಮುಟ್ಟಿದ ಮೇಲೆ ಘಟ್ಟ ಇಳಿದು ಕುಮಟೆಗೆ ಹೋಗುತ್ತಿದ್ದ ಬಂಡಿಗಳ ಸಾಲು ಕರಗಿ, ಜಿನ್ನು ಮತ್ತು ಪ್ರೆಸ್ಸುಗಳು ಗದಗಿನಲ್ಲಿ ತಳವೂರಿದವು, ಅಂಡಿಗೆಗಳು ರೈಲಿನ ತೂಕದ ಚೀಟಿಯೊಂದಿಗೆ ಹೊರಟವು. ಹೀಗೆ ಒಂದೇ ಊರಿನಲ್ಲಿ ರೈತನ ಮಣ, ಸಾಹುಕಾರನ ಕ್ಯಾಂಡಿ, ರೈಲಿನ ಮಣ ಮೂರೂ ಏಕಕಾಲಕ್ಕೆ ಚಾಲ್ತಿಯಲ್ಲಿದ್ದವು.

ಪೇಟೆಯ ಒಳಗೆ ತಕ್ಕಡಿಯನ್ನು ಹಿಡಿದವನು ದಲಾಲನ ಕಡೆಯವನೇ ಆಗಿರುತ್ತಿದ್ದ. ತೂಕವಾದ ಮೇಲೆ ಚೀಲದ ಭಾರ, ತೇವ, ಕಸ, ಮಾದರಿ ಎಂದು ಹಲವು ಹೆಸರಿನಲ್ಲಿ ಮುರಿದುಕೊಳ್ಳುವ ‘ಸೂಟು’, ಹಮಾಲಿ, ಧರ್ಮಾದಾಯ ಮೊದಲಾದ ಕಡಿತಗಳು ಸೇರಿ, ತಕ್ಕಡಿಯ ಮುಳ್ಳು ಎಷ್ಟೇ ನೇರವಾಗಿದ್ದರೂ ರೈತನ ಕೈಗೆ ಬರುವ ತೂಕ ಬೇರೆಯೇ ಆಗುತ್ತಿತ್ತು. ಬಿತ್ತನೆಗೆ ಅದೇ ದಲಾಲನಿಂದ ಮುಂಗಡ ತಂದಿದ್ದ ರೈತ ತಕರಾರು ಎತ್ತುವ ಸ್ಥಿತಿಯಲ್ಲಿರಲಿಲ್ಲ. ಆದ್ದರಿಂದ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸ್ಥಾಪಿಸಿದ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಸಾಲದ ಚರಿತ್ರೆಯಲ್ಲಿ ಮಾತ್ರ ಸೇರಿಸುವುದು ಸಾಲದು. ದಲಾಲನ ಋಣವಿಲ್ಲದ ರೈತ ಮಾತ್ರ ದಲಾಲನ ತೂಕವನ್ನು ಪ್ರಶ್ನಿಸಬಲ್ಲ ಎಂಬ ಕಾರಣಕ್ಕೆ ಅದಕ್ಕೆ ತೂಕದ ಚರಿತ್ರೆಯಲ್ಲೂ ಸ್ಥಾನವಿದೆ. 1915ರಲ್ಲಿ ಹುಬ್ಬಳ್ಳಿಯಲ್ಲಿ, ಅದರ ಬೆನ್ನಲ್ಲೇ ಗದಗಿನಲ್ಲಿ ಹುಟ್ಟಿದ ಸಹಕಾರಿ ಹತ್ತಿ ಮಾರಾಟ ಸಂಘಗಳು ಒಂದು ಹೆಜ್ಜೆ ಮುಂದೆ ಹೋಗಿ, ಸದಸ್ಯರ ಹತ್ತಿಯನ್ನು ಒಟ್ಟುಗೂಡಿಸಿ ಮಾರುವ ಪದ್ಧತಿಯನ್ನು ತಂದವು. ಮುಂಬಯಿ ಪ್ರಾಂತದ 1927ರ ಹತ್ತಿ ಮಾರುಕಟ್ಟೆ ಕಾಯಿದೆ, ಪೇಟೆಗಳ ಅಕ್ರಮಗಳನ್ನು ವಿವರವಾಗಿ ದಾಖಲಿಸಿದ 1928ರ ರಾಯಲ್ ಕೃಷಿ ಆಯೋಗದ ವರದಿ, 1939ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ, ಕೊನೆಗೆ ಕರ್ನಾಟಕದ 1966ರ ಎಪಿಎಂಸಿ ಕಾಯಿದೆ, ಇವೆಲ್ಲವೂ ತೂಗುವವನನ್ನು ದಲಾಲನ ಆಳಾಗಿರುವುದರಿಂದ ಬಿಡಿಸಿ ಪರವಾನಗಿ ಪಡೆದ ಬೇರೊಬ್ಬನನ್ನಾಗಿ ಮಾಡುವ ದಾರಿಯ ಮೆಟ್ಟಿಲುಗಳು.

ಯಾವ ಮಾನ ಎಂಬ ಪ್ರಶ್ನೆ ಅಷ್ಟರಲ್ಲಿ ಬೇರೆ ರೀತಿಯಿಂದ ಬಗೆಹರಿಯಿತು. 1948ರಲ್ಲಿ ಸಾಂಗಲಿ ಮತ್ತು ಮಿರಜ ಸಂಸ್ಥಾನಗಳು ಮುಂಬಯಿ ರಾಜ್ಯದಲ್ಲಿ ವಿಲೀನವಾದವು. 1956ರಲ್ಲಿ ಇಡೀ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಅದೇ 1956ರಲ್ಲಿ ಸಂಸತ್ತು ಮೆಟ್ರಿಕ್ ಮಾನಗಳ ಕಾಯಿದೆಯನ್ನು ಅಂಗೀಕರಿಸಿ, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಜಾರಿಗೊಳಿಸಿ, 1962ರ ಏಪ್ರಿಲ್ ಹೊತ್ತಿಗೆ ತೂಕದಲ್ಲಿ ಕಿಲೋ ಮತ್ತು ಕ್ವಿಂಟಲುಗಳನ್ನು ಕಡ್ಡಾಯ ಮಾಡಿತು. ಪೇಟೆಯ ಬಾಯಿಮಾತಿನಲ್ಲಿ ಹಳೆಯ ಮಾನಗಳು ಅಷ್ಟು ಬೇಗ ಸಾಯಲಿಲ್ಲ. ಇಂದಿಗೂ ಭಾರತದ ಅರಳೆಯ ವ್ಯಾಪಾರದಲ್ಲಿ ಬೆಲೆಯನ್ನು 356 ಕಿಲೋದ ಕ್ಯಾಂಡಿಗೆ ಹೇಳುತ್ತಾರೆ. ಅದು ಹಳೆಯ 784 ಪೌಂಡೇ.

ಮಾನ ಒಂದಾದ ಮೇಲೆ ಉಳಿದದ್ದು ಓದುವ ಪ್ರಶ್ನೆ. ಇಲ್ಲಿ ಯಂತ್ರದ ರಚನೆಯನ್ನು ತುಸು ವಿವರಿಸಬೇಕಾಗುತ್ತದೆ. ಎರಡು ಪರಡಿಗಳ ತಕ್ಕಡಿ ಚೀಲಗಟ್ಟಲೆ ಸರಕಿಗೆ ಒದಗುವಂಥದಲ್ಲ. ಅದರ ಜಾಗಕ್ಕೆ ಬಂದದ್ದು ಸನ್ನೆಕೋಲಿನ ಕಾಟಾ. ಬಂಡಿಯನ್ನೇ ನಿಲ್ಲಿಸಿ ತೂಗುವ ಇಂಥ ಯಂತ್ರವನ್ನು ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಜಾನ್ ವ್ಯಾಟ್ ರೂಪಿಸಿದ. ಚಿಕ್ಕ ತೂಕದಿಂದ ಹತ್ತುಪಟ್ಟು ಭಾರವನ್ನು ತೂಗುವ ಕಟ್ಟೆಕಾಟಾವನ್ನು 1820ರ ದಶಕದ ಆರಂಭದಲ್ಲಿ ಸ್ಟ್ರಾಸ್‌ಬರ್ಗಿನ ಅಲೋಯಿಸ್ ಕ್ವಿಂಟೆಂಜ್ ರಚಿಸಿದ. ಸರಕಿನ ಭಾರ ಕಟ್ಟೆಯ ಕೆಳಗಿರುವ ಉಕ್ಕಿನ ಅಲಗುಗಳ ಮೇಲೆ ಬಿದ್ದು, ಒಂದಕ್ಕೊಂದು ಜೋಡಿಸಿದ ಸನ್ನೆಗಳ ಮೂಲಕ ಕುಗ್ಗುತ್ತ ಬಂದು, ಕೊನೆಗೆ ಒಂದು ನೆಟ್ಟನೆಯ ಸಲಾಕೆಯನ್ನು ಎಳೆಯುತ್ತದೆ. ಟನ್ನುಗಟ್ಟಲೆ ಭಾರ ಆ ಸಲಾಕೆಯಲ್ಲಿ ಕೆಲವೇ ಹತ್ತು ಕಿಲೋಗಳ ಎಳೆತವಾಗಿರುತ್ತದೆ. ಸಲಾಕೆಯ ಮೇಲ್ತುದಿಯಲ್ಲಿ ಗುರುತು ಕೊರೆದ ದಂಡ, ದಂಡದ ಮೇಲೆ ಜಾರುವ ಗುಂಡು. ದಂಡ ಸಮವಾಗಿ ನಿಲ್ಲುವವರೆಗೆ ಗುಂಡನ್ನು ಸರಿಸಿ, ಅದು ನಿಂತ ಗೆರೆಯನ್ನು ಓದಬೇಕು. ಸಮವಾಯಿತೆಂದು ತೀರ್ಮಾನಿಸುವವನೂ ಗೆರೆಯನ್ನು ಓದಿ ಕೂಗುವವನೂ ಒಬ್ಬನೇ ಆಗಿದ್ದರಿಂದ, ಕಟ್ಟೆಯ ಈಚೆ ನಿಂತ ರೈತನಿಗೆ ಕೂಗಿದ್ದನ್ನು ನಂಬುವುದು ಬಿಟ್ಟರೆ ಬೇರೆ ದಾರಿಯಿರಲಿಲ್ಲ.

ಈ ಕಾಟಾವನ್ನು ಕಿತ್ತೆಸೆಯದೆ ಅಂಕಿಯ ಫಲಕಕ್ಕೆ ಒಗ್ಗಿಸುವ ಉಪಾಯ ಸರಳವಾಗಿತ್ತು. ಸಲಾಕೆಯನ್ನು ನಡುವೆ ತುಂಡರಿಸಿ ಅಲ್ಲಿ ಲೋಡ್ ಸೆಲ್ ಎಂಬ ಉಕ್ಕಿನ ಚಿಕ್ಕ ತುಂಡನ್ನು ಸೇರಿಸುತ್ತಾರೆ. ಎಳೆತಕ್ಕೆ ಅದು ಕಣ್ಣಿಗೆ ಕಾಣದಷ್ಟು ಹಿಗ್ಗಿದಾಗ ಅದರ ಮೈಗೆ ಅಂಟಿಸಿದ ತೆಳುವಾದ ತಂತಿಜಾಲದ ವಿದ್ಯುತ್ ತಡೆ ಬದಲಾಗುತ್ತದೆ, ಆ ಬದಲಾವಣೆಯನ್ನು ಮೇಲಿನ ಪೆಟ್ಟಿಗೆ ಅಂಕಿಯಾಗಿ ತೋರಿಸುತ್ತದೆ. ಹೀಗೆ ಅಂಟಿಸುವ ತಂತಿಯ ಸಾಧನ ಅಮೆರಿಕದಲ್ಲಿ 1938ರಲ್ಲಿ ರೂಪುಗೊಂಡದ್ದು. ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ನಡೆದದ್ದೂ ಇದೇ ಕೆಲಸ. ಅದೇ ಸ್ಟ್ರಾಸ್‌ಬರ್ಗಿನ ಒಟ್ಟೊ ಶುಲ್ಟ್ಸೆ 1902ರಲ್ಲಿ ಹಕ್ಕುಪತ್ರ ಪಡೆದ ಸ್ಪೀಡೋಮೀಟರಿನಲ್ಲಿ ಗೇರ್‌ಬಾಕ್ಸಿನಿಂದ ಬಂದ ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ, ಅದರ ಸೆಳೆತ ಮುಳ್ಳನ್ನು ಸರಿಸುತ್ತದೆ. ಡಿಜಿಟಲ್ ಫಲಕ ಕೂರಿಸುವವರು ಕೇಬಲ್ಲಿನ ಜಾಗಕ್ಕೆ ತಿರುಗಣೆಯನ್ನು ಎಣಿಸುವ ಸೆನ್ಸರನ್ನು ಇಟ್ಟು, ಗಾಲಿಯ ಸುತ್ತಳತೆಗೆ ತಕ್ಕಂತೆ ಫಲಕವನ್ನು ಹೊಂದಿಸುತ್ತಾರೆ. 1976ರಲ್ಲಿ ಆಸ್ಟನ್ ಮಾರ್ಟಿನ್ ಲಗೊಂಡಾ ಕಾರು ಡಿಜಿಟಲ್ ಫಲಕದೊಂದಿಗೆ ಪ್ರದರ್ಶನಕ್ಕೆ ಬಂದಾಗ ಅದೊಂದು ವೈಭವದ ವಸ್ತುವಾಗಿತ್ತು. ಕಾರಿನಲ್ಲಿ ಅಂಕಿಯ ಫಲಕ ಬಹುಮಟ್ಟಿಗೆ ಒಡೆಯನ ಖುಷಿಗೆ. ಪೇಟೆಯಲ್ಲಿ ಅದು ಮಾರುವವನಿಗೂ ಕೊಳ್ಳುವವನಿಗೂ ಒಂದೇ ಕ್ಷಣದಲ್ಲಿ ಒಂದೇ ಸಂಖ್ಯೆಯನ್ನು ಕಾಣಿಸಿತು, ಚೀಟಿಯನ್ನೂ ಅಚ್ಚು ಹಾಕಿಕೊಟ್ಟಿತು. ಈ ಲಾಭ ಸಣ್ಣದಲ್ಲ.

ಆದರೂ ಅಂಕಿ ಹೊಸದಾದ ಮಾತ್ರಕ್ಕೆ ಕೆಳಗಿನ ಸನ್ನೆ ಹೊಸದಾಗುವುದಿಲ್ಲ. ಅಲಗುಗಳು ಸವೆಯುತ್ತವೆ, ಕಾಟಾದ ಗುಂಡಿಯಲ್ಲಿ ಕಸ ಮತ್ತು ಮಳೆನೀರು ನಿಲ್ಲುತ್ತವೆ, ನೀರು ಕುಡಿದಾಗ ಉಬ್ಬಿ ಬೇಸಗೆಯಲ್ಲಿ ಬಿರಿಯುವ ಎರೆ ಮಣ್ಣಿನಲ್ಲಿ ತಳಪಾಯ ಭದ್ರವಾಗಿರದಿದ್ದರೆ ಕಟ್ಟೆಯೇ ವಾಲುತ್ತದೆ. ಹಿಂದೆ ದಂಡ ತಡವರಿಸಿದರೆ ಯಂತ್ರ ಕೆಟ್ಟಿದೆಯೆಂದು ನೋಡಿದವರಿಗೆ ತಿಳಿಯುತ್ತಿತ್ತು. ಅಂಕಿ ತಪ್ಪನ್ನೂ ಅಷ್ಟೇ ಗಟ್ಟಿಯಾಗಿ ತೋರಿಸುತ್ತದೆ. ದೂರದಿಂದ ನಿಯಂತ್ರಿಸುವ ಚಿಪ್ಪನ್ನು ಪೆಟ್ಟಿಗೆಯೊಳಗೆ ಅಡಗಿಸಿ ತೂಕ ಕದ್ದ ಪ್ರಕರಣಗಳು ದೇಶದ ಹಲವೆಡೆ ಬಯಲಾಗಿವೆ. ಸಂಶಯ ಮಾಯವಾಗಲಿಲ್ಲ, ದಂಡದಿಂದ ಪೆಟ್ಟಿಗೆಯ ಒಳಕ್ಕೆ ಸರಿಯಿತು.

ಹೀಗಾಗಿ ಮೂರನೆಯ ಪ್ರಶ್ನೆಗೆ ಉತ್ತರ ಕಾನೂನಿನಲ್ಲಿದೆ. 2009ರ ಕಾನೂನು ಮಾಪನ ಕಾಯಿದೆ ಮತ್ತು ಅದರ 2011ರ ನಿಯಮಗಳ ಪ್ರಕಾರ ತೂಕದ ಯಂತ್ರದ ಮಾದರಿಗೆ ಅನುಮೋದನೆ ಬೇಕು. ಹಳೆಯ ಕಾಟಾಕ್ಕೆ ಜೋಡಿಸುವ ಪರಿವರ್ತನೆಯ ಸಾಮಗ್ರಿಗೂ ಇದು ಅನ್ವಯಿಸುತ್ತದೆ. ಕೈತಕ್ಕಡಿ ಮತ್ತು ತೂಕದ ಬಟ್ಟುಗಳನ್ನು 24 ತಿಂಗಳಿಗೊಮ್ಮೆ, ಕಟ್ಟೆಕಾಟಾ ಹಾಗೂ ವೇಬ್ರಿಜ್‌ಗಳನ್ನು 12 ತಿಂಗಳಿಗೊಮ್ಮೆ ಪರೀಕ್ಷಿಸಿ ಮುದ್ರೆ ಹಾಕಿಸಬೇಕು, ರಿಪೇರಿಯಾದ ಯಂತ್ರವನ್ನು ಮತ್ತೆ ಮುದ್ರೆಯಾಗದೆ ಬಳಸುವಂತಿಲ್ಲ. ಹತ್ತು ಕಿಲೋದ ಹೆಜ್ಜೆಯಲ್ಲಿ ಓದುವ ವೇಬ್ರಿಜ್‌ನಲ್ಲಿ ನಾಲ್ಕು ಟನ್ ಭಾರಕ್ಕೆ ಮುದ್ರೆ ಹಾಕುವಾಗ ಐದು ಕಿಲೋ, ಬಳಕೆಯಲ್ಲಿರುವಾಗ ಹತ್ತು ಕಿಲೋ ವ್ಯತ್ಯಾಸವನ್ನು ಮಾತ್ರ ನಿಯಮ ಒಪ್ಪುತ್ತದೆ. ಪರೀಕ್ಷೆಯ ಪ್ರಮಾಣಪತ್ರವನ್ನು ಎಲ್ಲರಿಗೂ ಕಾಣುವ ಕಡೆ ಇಡುವುದು ಕಾಟಾದ ಮಾಲೀಕನ ಹೊಣೆ. ಸರಕನ್ನು ಕಟ್ಟೆಯ ಮೇಲೆ ಏರಿಸುವ ಮೊದಲು ಅದರ ಮೇಲಿನ ದಿನಾಂಕವನ್ನು ಓದಿ ನೋಡುವುದಕ್ಕೆ ಯಾವ ರೈತನೂ ಸಂಕೋಚ ಪಡಬೇಕಾಗಿಲ್ಲ.