ಐನೂರ ಹನ್ನೆರಡು ಬೈಟ್‌ಗಳ ರಿಪೇರಿ

ಗಂಗಾವತಿ ತಾಲೂಕಿನ ಶ್ರೀರಾಮನಗರದಂಥ ಭತ್ತದ ಊರಿನಲ್ಲಿ ರೈಸ್ ಮಿಲ್ಲಿನ ಲೆಕ್ಕ ಕಂಪ್ಯೂಟರಿಗೆ ಬಂದು ಬಹಳ ಕಾಲವಾಯಿತು. ಸುಗ್ಗಿಯ ಹೊತ್ತಿಗೇ ಕಪ್ಪು ಪರದೆಯ ಮೇಲೆ ಆಪರೇಟಿಂಗ್ ಸಿಸ್ಟಮ್ ಸಿಗುತ್ತಿಲ್ಲವೆಂಬ ಬಿಳಿ ಸಾಲು ಬಂದು ನಿಂತರೆ ಎದೆ ಧಸಕ್ಕೆನ್ನುತ್ತದೆ. ‘ಬೂಟ್ ಆಗವಲ್ದರೀ’ ಎಂದು ಸಿಪಿಯು ಹೊತ್ತು ತಂದವರಿಗೆ ‘ಫಾರ್ಮ್ಯಾಟ್ ಹೊಡೀಬೇಕು’ ಎಂದುಬಿಡುವುದು ಸುಲಭ. ಆದರೆ ಎಷ್ಟೋ ಸಲ ಲೆಕ್ಕವೆಲ್ಲ ಇದ್ದಲ್ಲೇ ಇರುತ್ತದೆ. ಕೆಟ್ಟಿರುವುದು ಡಿಸ್ಕಿನ ಮೊದಲ ಸೆಕ್ಟರ್ ಒಂದೇ.

ಆ ಸೆಕ್ಟರಿನ ಹೆಸರು ಮಾಸ್ಟರ್ ಬೂಟ್ ರೆಕಾರ್ಡ್ (ಎಂಬಿಆರ್). 1983ರಲ್ಲಿ ಐಬಿಎಂನ ಪಿಸಿ ಎಕ್ಸ್‌ಟಿ ಮತ್ತು ಡಾಸ್ 2.0 ಜೊತೆಗೆ ಬಂದದ್ದು. ಒಟ್ಟು 512 ಬೈಟ್: ಯಂತ್ರವನ್ನು ಎಬ್ಬಿಸುವ ಕೋಡಿಗೆ 446, ನಾಲ್ಕು ಪಾರ್ಟಿಶನ್‌ಗಳ ವಿಳಾಸಕ್ಕೆ 64, ಕೊನೆಗೆ ಗುರುತಿನ 2. ಯಂತ್ರ ಆನ್ ಆದೊಡನೆ ಮೊದಲು ಓಡುವ ಬಯಾಸ್ ಆ ಗುರುತು ನೋಡಿ, ಒಳಗಿರುವ ಕೋಡ್ ಯಾರದೆಂದು ಕೇಳದೆ ಓಡಿಸುತ್ತಿತ್ತು.

ವೈರಸ್‌ಗಳಿಗೆ ಅಷ್ಟೇ ಸಾಕಾಯಿತು. 1986ರಲ್ಲಿ ಲಾಹೋರಿನ ‘ಬ್ರೇನ್’ ಫ್ಲಾಪಿಯ ಬೂಟ್ ಸೆಕ್ಟರಿಗೆ ನುಗ್ಗಿತು; ಮರುವರ್ಷ ನ್ಯೂಜಿಲೆಂಡಿನ ‘ಸ್ಟೋನ್ಡ್’ ಹಾರ್ಡ್ ಡಿಸ್ಕಿಗೂ ಬಂತು. 1990ರಲ್ಲಿ ನಮ್ಮ ದೇಶದಲ್ಲೇ ಪತ್ತೆಯಾದ ‘ಜೋಶಿ’ ಜನವರಿ 5ರಂದು ಯಂತ್ರವನ್ನು ನಿಲ್ಲಿಸಿ, ಜೋಶಿಗೆ ಹುಟ್ಟುಹಬ್ಬದ ಶುಭಾಶಯ ಟೈಪ್ ಮಾಡೆನ್ನುತ್ತಿತ್ತು. ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿದರೂ ಅದು ಮೆಮೊರಿ ಬಿಟ್ಟು ಕದಲುತ್ತಿರಲಿಲ್ಲ. ಹಾಗಾಗಿ ಸ್ವಿಚ್ಚನ್ನೇ ಆರಿಸಿ, ಅಂಚಿನ ಕಚ್ಚಿಗೆ ಚೀಟಿ ಅಂಟಿಸಿದ ಶುದ್ಧ ಫ್ಲಾಪಿಯಿಂದ ಬೂಟ್ ಮಾಡುವುದು ರಿಪೇರಿಯವರ ಮೊದಲ ಪಾಠವಾಯಿತು.

ಎರಡನೆಯ ಪಾಠ ಇನ್ನೂ ಸೂಕ್ಷ್ಮ. ‘ಸ್ಟೋನ್ಡ್’ ಮೂಲ ರೆಕಾರ್ಡನ್ನು ಅಳಿಸುತ್ತಿರಲಿಲ್ಲ, ಹಾರ್ಡ್ ಡಿಸ್ಕಿನ ಅದೇ ಟ್ರ್ಯಾಕಿನ ಏಳನೇ ಸೆಕ್ಟರಿನಲ್ಲಿ ಬಚ್ಚಿಡುತ್ತಿತ್ತು. ಬಲ್ಲವರು ಅದನ್ನು ಹುಡುಕಿ ತೆಗೆದು ಮೊದಲನೆಯ ಸೆಕ್ಟರಿಗೆ ಮರಳಿ ಬರೆಯುತ್ತಿದ್ದರು. 1991ರ ಡಾಸ್ 5.0ರಲ್ಲಿ ಸಿಕ್ಕ ‘ಎಫ್‌ಡಿಸ್ಕ್ /ಎಂಬಿಆರ್’ ಕಮಾಂಡ್ ಇದನ್ನೆಲ್ಲ ಒಂದೇ ಸಾಲಿಗೆ ಇಳಿಸಿತು. ಅದು ಕೋಡನ್ನಷ್ಟೇ ಹೊಸದಾಗಿ ಬರೆಯುತ್ತಿತ್ತು, ವಿಳಾಸಗಳನ್ನು ಮುಟ್ಟುತ್ತಿರಲಿಲ್ಲ. ಆದರೆ ‘ಮಂಕಿ’ ವೈರಸ್ ಆ ವಿಳಾಸಗಳನ್ನೇ ಗೂಢಲಿಪಿಯಲ್ಲಿ ಬೇರೆಡೆ ಇಟ್ಟಿರುತ್ತಿತ್ತು. ಅಲ್ಲಿ ಆ ಕಮಾಂಡ್ ಹೊಡೆದರೆ ವೈರಸ್ಸಿನ ಜೊತೆ ಸಿ ಡ್ರೈವಿನ ದಾರಿಯೂ ಅಳಿಸಿಹೋಗುತ್ತಿತ್ತು. ನೋಡದೆ ಬರೆದ ರಿಪೇರಿ ವೈರಸ್ಸಿಗಿಂತ ಹೆಚ್ಚು ಹಾಳು ಮಾಡಿದ ಕಾಲ ಅದು.

ಪುಣೆಯಲ್ಲಿ ರಿಪೇರಿ ಅಂಗಡಿ ನಡೆಸುತ್ತಿದ್ದ ಕೈಲಾಶ್ ಕಾಟ್ಕರ್ ಮುಂದೆ ಇಂಥ ಗಿರಾಕಿಗಳನ್ನೇ ಕಂಡರು. ಆ ಗಿರಾಕಿಗಳಿಗಾಗಿ ಅವರ ತಮ್ಮ ಸಂಜಯ್ ಬರೆದ ಪ್ರೋಗ್ರಾಮ್‌ಗಳಿಂದಲೇ 1990ರ ದಶಕದಲ್ಲಿ ‘ಕ್ವಿಕ್ ಹೀಲ್’ ಹುಟ್ಟಿತು.

ವಿಂಡೋಸ್ 2000ದಲ್ಲಿ ‘ಫಿಕ್ಸ್‌ಎಂಬಿಆರ್’, ವಿಸ್ತಾದಿಂದ ಈಚೆಗೆ ‘ಬೂಟ್‌ರೆಕ್’ ಬಂದವು. ಕಳೆದ ಪಾರ್ಟಿಶನ್ ಹುಡುಕಲು ಉಚಿತ ತಂತ್ರಾಂಶ ‘ಟೆಸ್ಟ್‌ಡಿಸ್ಕ್’ ಇಂದಿಗೂ ಕೈಹಿಡಿಯುತ್ತದೆ. 2016ರ ‘ಪೆಟ್ಯಾ’ ಮಾತ್ರ ಆಟ ಬದಲಿಸಿತು. ಬೂಟ್ ರೆಕಾರ್ಡ್ ಬದಲಿಸಿ, ಡಿಸ್ಕ್ ತಪಾಸಣೆಯ ಸೋಗಿನಲ್ಲಿ ಫೈಲ್‌ಗಳ ಪಟ್ಟಿಗೇ ಬೀಗ ಜಡಿಯಿತು. ಆ ಸೋಗಿನ ಪರದೆ ಕಂಡ ಕ್ಷಣವೇ ಪವರ್ ಕಿತ್ತವರಿಗೆ ಉಳಿಯುವ ಆಸೆಯಿತ್ತು. 2017ರ ಜೂನಿನಲ್ಲಿ ಅದರ ಮರಿ ‘ನಾಟ್‌ಪೆಟ್ಯಾ’ ಮುಂಬೈ ಬಳಿಯ ಜವಾಹರಲಾಲ್ ನೆಹರು ಬಂದರಿನ ಟರ್ಮಿನಲ್ ಒಂದರ ಕೆಲಸವನ್ನೇ ನಿಲ್ಲಿಸಿತು.

ಈಗಿನ ಯಂತ್ರಗಳಲ್ಲಿ ಬಯಾಸ್ ಜಾಗದಲ್ಲಿ ಯುಇಎಫ್‌ಐ ಇದೆ, ಪಾರ್ಟಿಶನ್‌ಗಳ ಜಿಪಿಟಿ ವಿಳಾಸಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿ ಇರುತ್ತದೆ. 2012ರ ವಿಂಡೋಸ್ 8ರಿಂದ ರೂಢಿಗೆ ಬಂದ ಸೆಕ್ಯೂರ್ ಬೂಟ್, ಸಹಿಯಿಲ್ಲದ ಕೋಡನ್ನು ಬಾಗಿಲಲ್ಲೇ ತಡೆಯುತ್ತದೆ. ಇಲ್ಲಿ ಹಳೆಯ ‘ಫಿಕ್ಸ್‌ಎಂಬಿಆರ್’ ಹೊಡೆದು ಫಲವಿಲ್ಲ. ಇಎಫ್‌ಐ ಪಾರ್ಟಿಶನ್‌ಗೆ ಡ್ರೈವ್ ಅಕ್ಷರ ಕೊಟ್ಟು ‘ಬಿಸಿಡಿಬೂಟ್’ ನಡೆಸಬೇಕು. ಹಳೆ ಮಿಲ್ಲಿನ ಹಳೆ ಯಂತ್ರ ಬಂದರೆ ಮಾತ್ರ, ಒಳ್ಳೆಯ ಮೆಕ್ಯಾನಿಕ್ ಇಂದಿಗೂ ಲಿನಕ್ಸ್ ಪೆನ್‌ಡ್ರೈವ್ ಚುಚ್ಚಿ, ಆ 512 ಬೈಟ್‌ಗಳ ಒಂದು ನಕಲನ್ನು ಬೇರೆಡೆ ತೆಗೆದಿಟ್ಟುಕೊಂಡೇ ಮುಂದಿನ ಕೀಲಿ ಒತ್ತುತ್ತಾನೆ.