ಮುಲ್ಕಿ ಸರ್ಟಿಫಿಕೇಟು ಮತ್ತು ಅಮೆರಿಕದ ವೀಸಾ

ಪೆದ್ದೆಮುಲ್, ತಾಂಡೂರು, ಕೊಡಂಗಲ್ ಕಡೆಯ ಹಳೆಯ ಮನೆಗಳಲ್ಲಿ ಅಟ್ಟದ ಮೇಲಿನ ತಗಡಿನ ಟ್ರಂಕು ತೆರೆದು ನೋಡಿರಿ. ಉರ್ದುವಿನಲ್ಲಿ ಬರೆದ ಮುಲ್ಕಿ ಸರ್ಟಿಫಿಕೇಟು ಸಿಕ್ಕರೂ ಸಿಕ್ಕೀತು. ನಮ್ಮ ತಂದೆಯವರದು ನನ್ನ ಹತ್ತಿರ ಇದೆ. ಆಗ ತಾಂಡೂರು ಗುಲಬರ್ಗಾ ಜಿಲ್ಲೆಯ ತಾಲ್ಲೂಕು. 1956ರ ನವೆಂಬರ್ 1ರಂದು ಅದೂ ಕೊಡಂಗಲ್ಲೂ ಆಂಧ್ರಪ್ರದೇಶಕ್ಕೆ ಸೇರಿದವು.

ನಿಜಾಮರ 1919ರ ಫರ್ಮಾನಿನ ಪ್ರಕಾರ ಸಂಸ್ಥಾನದ ನೌಕರಿ ಮುಲ್ಕಿಗೆ, ಅಂದರೆ ನಾಡಿನವನಿಗೆ. ಹೊರಗಿನವನನ್ನು ತೆಗೆದುಕೊಳ್ಳಬೇಕಾದರೆ ನಿಜಾಮರ ಖಾಸಾ ಮಂಜೂರಾತಿ ಬೇಕು. ಆ ಹೊರಗಿನವನು ಮುಲ್ಕಿ ಆಗಬೇಕಾದರೆ 15 ವರ್ಷ ಇಲ್ಲಿ ಕಾಯಂ ಇದ್ದು, ಹಿಂದಿನ ಊರಿಗೆ ತಿರುಗಿ ಹೋಗುವ ವಿಚಾರ ಬಿಟ್ಟೆನೆಂದು ಪ್ರಮಾಣ ಮಾಡಬೇಕು. ಇದೇ ಮುಲ್ಕಿ ಪ್ರಶ್ನೆಯ ಮೇಲೆ 1952ರಲ್ಲಿ ಹೈದರಾಬಾದಿನಲ್ಲಿ ಗೋಲಿಬಾರ್ ಆಯಿತು, 1969ರಲ್ಲಿ ತೆಲಂಗಾಣ ಹೊತ್ತಿ ಉರಿಯಿತು. 1973ರ ಕಾನೂನಿನಿಂದ ಮುಲ್ಕಿ ನಿಯಮ ರದ್ದಾಯಿತು.

ಈ ಹಳೆಯ ಮಾತು ಯಾಕೆ ತೆಗೆದೆನೆಂದರೆ, ನಮ್ಮ ಹುಡುಗರು ಈಗ ಅಮೆರಿಕದಲ್ಲಿ ಗೈರ್‌ಮುಲ್ಕಿಗಳು. ಅಲ್ಲಿಯೂ ಅದೇ ಪ್ರಶ್ನೆ: ನಮ್ಮವರಿಗೆ ಕೆಲಸವಿರುವಾಗ ಹೊರಗಿನವನು ಯಾಕೆ? ಅಲ್ಲಿನ ಉತ್ತರ ಎಚ್-1ಬಿ ವೀಸಾ. ಅದರ ಮೂಲ 1952ರ ಕಾನೂನಿನಲ್ಲಿದೆ. ಈಗಿನ ರೂಪ ಬಂದದ್ದು 1990ರಲ್ಲಿ. ವರ್ಷಕ್ಕೆ 65,000 ಎಂದು ಮಿತಿ ಹಾಕಿದರು. ಕಂಪ್ಯೂಟರಿನ ಕೆಲಸ ಏರಿದಾಗ ಆ ಮಿತಿಯನ್ನು 2001ರಿಂದ 2003ರವರೆಗೆ 1,95,000ಕ್ಕೆ ಎತ್ತಿ, 2004ರಲ್ಲಿ ಮತ್ತೆ 65,000ಕ್ಕೆ ಇಳಿಸಿದರು. ಅಲ್ಲಿಯೇ ಮಾಸ್ಟರ್ಸ್ ಓದಿದವರಿಗೆ ಆಮೇಲೆ 20,000 ಬೇರೆ ಸೇರಿತು. ಅರ್ಜಿ ಹೆಚ್ಚಾದರೆ ಲಾಟರಿ.

ಒಂದು ಸಂಗತಿ ಗಮನಿಸಿರಿ. ಪಾಸ್‌ಪೋರ್ಟು ಹುಡುಗನದು, ಆದರೆ ಅರ್ಜಿದಾರ ಧಣಿ. ಸ್ಥಳೀಯರಿಗೆ ಕೊಡುವ ಸಂಬಳಕ್ಕಿಂತ ಕಡಿಮೆ ಕೊಡುವುದಿಲ್ಲ, ಇಂಥ ಊರಿನಲ್ಲಿ ಇಂಥ ಕೆಲಸ, ಅಲ್ಲಿ ಮುಷ್ಕರ ನಡೆದಿಲ್ಲ ಎಂದು ಅವನು ಮೊದಲು ಕಾರ್ಮಿಕ ಇಲಾಖೆಗೆ ಬರೆದುಕೊಡಬೇಕು. ಆ ಮೇಲೆ ವಲಸೆ ಇಲಾಖೆಗೆ ಅರ್ಜಿ, ಕೊನೆಗೆ ಕಾನ್ಸುಲೇಟು. ಮೊದಲು ಇದಕ್ಕಾಗಿ ಮದ್ರಾಸಿನ ರೈಲು ಹತ್ತಬೇಕಿತ್ತು. ಹೈದರಾಬಾದಿನಲ್ಲಿ ಕಾನ್ಸುಲೇಟು ತೆರೆದದ್ದು 2008ರಲ್ಲಿ, ಬೇಗಂಪೇಟೆಯ ಪೈಗಾ ಅರಮನೆಯಲ್ಲಿ. ದಾರಿಯಲ್ಲಿ ಚಿಲಕೂರು ಬಾಲಾಜಿ ಬೇರೆ ಇದ್ದಾನೆ. ಬೇಡುವಾಗ 11 ಪ್ರದಕ್ಷಿಣೆ, ವೀಸಾ ಬಂದರೆ 108. ಅಲ್ಲಿ ಹುಂಡಿ ಇಲ್ಲ, ಅಷ್ಟರ ಮಟ್ಟಿಗೆ ಏಜೆಂಟರಿಗಿಂತ ಬಾಲಾಜಿಯೇ ಲೇಸು.

ಏಜೆಂಟರ ಮಾತು ಬಂದದ್ದಕ್ಕೆ ನನ್ನ ತಪ್ಪೊಂದನ್ನು ಹೇಳಿಬಿಡುತ್ತೇನೆ. ನಾನು ಬರೀ ಮೆಟ್ರಿಕ್ ಪಾಸಾದವ, ಬ್ಯಾಂಕಿನಲ್ಲಿ ಗುಮಾಸ್ತ. ನಮ್ಮ ಕಡೆಯ ರೈತರೊಬ್ಬರು ಮಗನನ್ನು ಕಳಿಸಲು ತೊಗರಿ ಹೊಲ ಒತ್ತೆಯಿಟ್ಟು ಸಾಲಕ್ಕೆ ಬಂದರು. ವೀಸಾ ಖರ್ಚು ಹುಡುಗನೇ ಕೊಡಬೇಕೆಂದು ಕೆಲಸ ಕೊಡಿಸುವವನು ಹೇಳಿದ್ದನಂತೆ. ಆ ಸಾಲದ ಕಾಗದ ಭರ್ತಿ ಮಾಡಿದವನು ನಾನೇ. ಧಣಿಯ ಅರ್ಜಿಯ ಖರ್ಚನ್ನು ಕೆಲಸಗಾರನ ತಲೆಗೆ ಕಟ್ಟಬಾರದೆಂಬುದು ನನಗೆ ಗೊತ್ತಿರಲಿಲ್ಲ. ಹುಡುಗ 2001ರಲ್ಲಿ ಹೋದ. ಕೆಲಸ ಬರುವವರೆಗೆ ಕಾಯಿ ಎಂದು ಒಂದು ಕೋಣೆಯಲ್ಲಿ ಐದಾರು ಮಂದಿಯನ್ನು ಕೂಡಿಸಿದರು. ಮೂರು ತಿಂಗಳು ಸಂಬಳವಿಲ್ಲ. ಅದಕ್ಕೆ ಅವರು 'ಬೆಂಚು' ಅನ್ನುತ್ತಾರೆ. ಕೆಲಸ ಕೊಡದೆ ಕೂಡಿಸಿದರೂ ಧಣಿ ಸಂಬಳ ಕೊಡಲೇಬೇಕು ಎಂದು 1998ರ ಕಾನೂನೇ ಹೇಳಿತ್ತು. 12 ತಿಂಗಳೊಳಗೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದಿತ್ತು. ಅವಧಿಗೆ ಮುಂಚೆ ಕೆಲಸದಿಂದ ತೆಗೆದರೆ ಊರಿಗೆ ಮರಳುವ ಖರ್ಚೂ ಧಣಿಯದೇ. ಹುಡುಗನಿಗೆ ಇದು ಯಾವುದೂ ತಿಳಿಯದು. ಸ್ವಂತ ಖರ್ಚಿನಿಂದ ತಿರುಗಿ ಬಂದ. ನಾಲ್ಕು ಎಕರೆಯಲ್ಲಿ ಎರಡು ಎಕರೆ ಹೋಯಿತು. ಆ ತಂದೆ ಬ್ಯಾಂಕಿಗೆ ಬಂದರೆ ಬೇರೆ ಕೌಂಟರಿಗೆ ಹೋಗಿ ನಿಲ್ಲುತ್ತಿದ್ದರು.

ಈಗ ಕೆಲವು ಸುಧಾರಣೆಯಾಗಿದೆ. ಹೊಸ ಧಣಿ ಅರ್ಜಿ ಹಾಕಿದ ಕೂಡಲೆ ಅವನ ಹತ್ತಿರ ಕೆಲಸಕ್ಕೆ ಸೇರಲು 2000ದ ಕಾನೂನು ಅನುವು ಮಾಡಿತು. ಕೆಲಸ ಹೋದರೆ ಹೊಸ ಧಣಿಯನ್ನು ಹುಡುಕಲು 60 ದಿನಗಳವರೆಗಿನ ಗಡುವು ಬಂದದ್ದು 2017ರಲ್ಲಿ. ಅದಕ್ಕಿಂತ ಮುಂಚೆ ಅಂಥ ಗಡುವೇ ಇರಲಿಲ್ಲ. ವೀಸಾ ಒಮ್ಮೆಗೆ 3 ವರ್ಷ, ಒಟ್ಟು 6. ಗ್ರೀನ್ ಕಾರ್ಡಿನ ಅರ್ಜಿ ನಡೆದಿದ್ದರೆ ಮಾತ್ರ ಮುಂದಕ್ಕೆ ಬೆಳೆಯುತ್ತದೆ. ನಿಜಾಮರು ಊರಿನ ಆಸೆ ಬಿಡು ಎಂದರು, ಇವರು ಅವಧಿ ತೀರಿದರೆ ಊರಿಗೆ ನಡೆ ಎನ್ನುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಹೊರದೇಶದಿಂದ ಕರೆಸುವವರ ಹೊಸ ಅರ್ಜಿಗೆ ಒಂದು ಲಕ್ಷ ಡಾಲರು ಕಟ್ಟಬೇಕೆಂದು ಅಲ್ಲಿನ ಅಧ್ಯಕ್ಷರ ಆದೇಶ ಹೊರಟಾಗ ನಮ್ಮ ಓಣಿಯಲ್ಲಿಯೂ ಎಷ್ಟೋ ಮನೆಗಳಲ್ಲಿ ಅಂದು ಒಲೆ ಹೊತ್ತಲಿಲ್ಲ.

ಮೊನ್ನೆ ಅಮೆರಿಕದಲ್ಲಿ ಓದು ಮುಗಿಸಿ ಕೆಲಸ ಹಿಡಿದ ನೆರೆಮನೆಯ ಹುಡುಗಿ ರಜೆಗೆ ಬಂದಿದ್ದಳು. ಧಣಿ ಕಾರ್ಮಿಕ ಇಲಾಖೆಗೆ ಬರೆದುಕೊಟ್ಟ ಕಾಗದದ ನಕಲು ಕೇಳಿ ಇಸಕೋ, ಎಚ್-1ಬಿ ಮೇಲೆ ಕೆಲಸ ಶುರುವಾಗುವ ದಿನದೊಳಗೆ ಅದನ್ನು ಕೊಡುವುದು ಅವರ ಕರ್ತವ್ಯ ಎಂದೆ. ಅದರಲ್ಲಿ ಬರೆದ ಸಂಬಳವನ್ನು ಮೊದಲ ತಿಂಗಳ ಪಗಾರಿನ ಜೊತೆ ತಾಳೆ ನೋಡು ಎಂದೂ ಹೇಳಿದೆ. ಆಕೆ ಮೊಬೈಲಿನಲ್ಲಿ ಬರೆದುಕೊಂಡಳು.